ತಾಮ್ರದ ಪಾಲೆಷ್ಟು, ಅರಿಶಿನದ ಪಾಲೆಷ್ಟು?

ಅರಿಶಿನದ ಕರ್ಕ್ಯುಮಿನ್‌ಗೆ ತಾಮ್ರ ಕೂಡಿಸಿದರೆ ಬ್ಯಾಕ್ಟೀರಿಯಾ ಹೆಚ್ಚು ಸಾಯುತ್ತವೆ ಎಂಬ ನಂಬಿಕೆ ನಮ್ಮ ರಸಾಯನಶಾಸ್ತ್ರ ವಿಭಾಗಗಳಲ್ಲಿ ಎಷ್ಟು ಬೇರೂರಿದೆಯೆಂದರೆ, ಎಂ.ಎಸ್ಸಿ. ಪ್ರಾಜೆಕ್ಟಿಗೆ ಬರುವವರು ಪ್ರಯೋಗಕ್ಕೆ ಮುಂಚೆಯೇ ಫಲಿತಾಂಶ ಹೇಳಿಬಿಡುತ್ತಾರೆ. ಈ ಕೆಲಸ ಮಾಡಿ, ಮಾಡಿಸಿ ನನಗೆ ಮನದಟ್ಟಾಗಿರುವುದು ಇಷ್ಟು: ಕೊಲ್ಲುತ್ತಿರುವುದು ಯಾವುದು ಎಂದು ಬಿಡಿಸಿ ನೋಡುವುದೇ ಇಲ್ಲಿ ಅಸಲಿ ಕೆಲಸ.

ತಯಾರಿ ಕಷ್ಟದ್ದಲ್ಲ. ಎಥನಾಲ್‌ನಲ್ಲಿ ಕರಗಿಸಿದ ಕರ್ಕ್ಯುಮಿನ್‌ಗೆ ಕಾಪರ್ ಅಸಿಟೇಟ್ ಹನಿಹನಿಯಾಗಿ ಬಿಟ್ಟರೆ ಹೊಳೆಯುವ ಹಳದಿ ಮಂಕಾಗಿ ಕಂದುಬಣ್ಣಕ್ಕೆ ತಿರುಗುತ್ತದೆ, ಪುಡಿ ತಳಕ್ಕೆ ಕೂರುತ್ತದೆ. ಎರಡು ಕರ್ಕ್ಯುಮಿನ್ ಅಣುಗಳು ತಮ್ಮ ಡೈಕೀಟೋನ್ ಭಾಗದಿಂದ ಒಂದು ತಾಮ್ರವನ್ನು ಹಿಡಿದುಕೊಂಡು ಸಂಕೀರ್ಣವಾಗುತ್ತವೆ. ಐಆರ್ ರೋಹಿತ ತೆಗೆದರೆ 1628 cm⁻¹ ಆಸುಪಾಸಿನ ಕಾರ್ಬೊನಿಲ್ ಪಟ್ಟಿ ಕೆಳಗೆ ಸರಿದಿರುತ್ತದೆ.

ನಾನು ಹೆಚ್ಚು ಹೊತ್ತು ನಿಲ್ಲುವುದು ತೊಳೆಯುವ ಹಂತದಲ್ಲಿ. ತೊಳೆದ ನೀರನ್ನು ಪ್ರನಾಳಕ್ಕೆ ತೆಗೆದುಕೊಂಡು ಅಮೋನಿಯಾ ಹನಿಸಬೇಕು. ಕಡುನೀಲಿ ಬಂದರೆ ಬಿಡಿ ತಾಮ್ರ ಇನ್ನೂ ಉಳಿದಿದೆ ಎಂದರ್ಥ, ಮತ್ತೆ ತೊಳೆಯಬೇಕು. ಆಮೇಲೆ ತಣ್ಣನೆಯ ಎಥನಾಲ್‌ನಲ್ಲಿ ತೊಳೆದು ಕೂಡಿಕೊಳ್ಳದ ಕರ್ಕ್ಯುಮಿನ್ ಕಳೆಯಬೇಕು. ಇಷ್ಟು ಪಟ್ಟು ಹಿಡಿಯಲು ಕಾರಣವಿದೆ. ತಾಮ್ರ ಸೂಕ್ಷ್ಮಜೀವಿಗಳಿಗೆ ತಾನೇ ವಿಷ. ಮಲೆನಾಡಿನ ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಹೊಡೆಯುವುದು ಆ ಗುಣಕ್ಕಾಗಿಯೇ.

ಹಾಗಾಗಿ ಅಗಾರ್ ಪ್ಲೇಟಿನಲ್ಲಿ ಸಂಕೀರ್ಣದ ಜೊತೆಗೆ ಬರೀ ಕರ್ಕ್ಯುಮಿನ್, ಬರೀ ಕಾಪರ್ ಅಸಿಟೇಟ್, ಬರೀ ದ್ರಾವಕ ಡಿಎಂಎಸ್‌ಒ, ಒಂದು ಆ್ಯಂಟಿಬಯಾಟಿಕ್, ಇವಿಷ್ಟಕ್ಕೂ ಗುಳಿ ಇರಲೇಬೇಕು. ಪ್ರಮಾಣ ಮಿಲಿಗ್ರಾಂನಲ್ಲಿ ಸಮನಾದರೆ ಸಾಲದು, ಮೋಲ್ ಲೆಕ್ಕದಲ್ಲಿ ತಾಮ್ರ ಸಮನಿರಬೇಕು. ಅಷ್ಟಾದರೂ ಗುಳಿಯ ಸುತ್ತಲಿನ ತಿಳಿವೃತ್ತವನ್ನು ಸ್ಕೇಲಿಟ್ಟು ಅಳೆದು ತೀರ್ಪು ಕೊಡುವುದನ್ನು ನಾನು ಒಪ್ಪುವುದಿಲ್ಲ. ನೀರಿಗೆ ಒಗ್ಗದ ಸಂಕೀರ್ಣ ಅಗಾರ್‌ನಲ್ಲಿ ಹರಡುವುದೇ ಕಡಿಮೆ, ಲವಣ ಸಲೀಸಾಗಿ ಹರಡುತ್ತದೆ. ವೃತ್ತ ಚಿಕ್ಕದಾದ ಮಾತ್ರಕ್ಕೆ ಶಕ್ತಿ ಕಡಿಮೆ ಎನ್ನಲಾಗದು. ದ್ರವ ಮಾಧ್ಯಮದಲ್ಲಿ ಕನಿಷ್ಠ ಪ್ರತಿಬಂಧಕ ಸಾಂದ್ರತೆ ನೋಡಲೇಬೇಕು. ಕರ್ಕ್ಯುಮಿನ್‌ನ ಬಣ್ಣದಲ್ಲಿ ಕದಡು ಕಣ್ಣಿಗೆ ಸರಿಯಾಗಿ ಕಾಣದ ಕಾರಣ, ಪ್ರತಿ ಪ್ರನಾಳದಿಂದ ಹೊಸ ಪ್ಲೇಟಿಗೆ ಗೀರಿ ಮರುದಿನ ಬೆಳವಣಿಗೆ ನೋಡುವುದು ನನ್ನ ರೂಢಿ.

ಸಂಕೀರ್ಣ, ಲವಣ ಎರಡೂ ಸಮಸಮವಾಗಿ ಕೆಲಸ ಮಾಡಿದ್ದರೆ ಅದನ್ನೂ ಹಾಗೆಯೇ ಬರೆಯಿರಿ ಎನ್ನುತ್ತೇನೆ. ಲಿಗ್ಯಾಂಡ್ (ಇಲ್ಲಿ ಕರ್ಕ್ಯುಮಿನ್) ಬದಲಿಸಬೇಕೋ, ಲೋಹ ಬದಲಿಸಬೇಕೋ ಎಂದು ಮುಂದಿನ ತಂಡದವರು ನಿರ್ಧರಿಸುವುದು ಆ ಪುಟ ನೋಡಿಯೇ.