ದೂರದುಡಿಮೆಯ ವೀಸಾ

ವಿರಾಜಪೇಟೆಯ ಮನೆಯಲ್ಲೇ ಕುಳಿತು ಪರದೇಶದ ಸಂಸ್ಥೆಯೊಂದಕ್ಕೆ ಗಣಕಯಂತ್ರದ ಮೂಲಕ ದುಡಿಯುವ ನನ್ನ ಅಣ್ಣ, 'ಇದೇ ಕೆಲಸವನ್ನು ಥಾಯ್ಲೆಂಡಿನಲ್ಲಿದ್ದು ಮಾಡಬಾರದೇಕೆ?' ಎಂದು ಕೇಳಿದನು. ಅದಕ್ಕಾಗಿ ನಾನು ನಿಯಮಗಳನ್ನು ಓದಿದೆನು.

ಪ್ರವಾಸಿ ವೀಸಾ ನಾಡು ನೋಡಬಂದವನಿಗೆ. ಉದ್ಯೋಗ ವೀಸಾ ಅಲ್ಲಿನ ಧಣಿಯಲ್ಲಿ ದುಡಿಯುವವನಿಗೆ. ಇವೆರಡಕ್ಕೂ ಸೇರದವನಿಗೆಂದು ಎಸ್ಟೋನಿಯಾ 2020ರಲ್ಲಿ ಡಿಜಿಟಲ್ ನೋಮ್ಯಾಡ್ ವೀಸಾವನ್ನು ತಂದಿತು. ಥಾಯ್ಲೆಂಡ್ 2024ರಲ್ಲಿ ತಂದ ಡಿ.ಟಿ.ವಿ. ವೀಸಾದ ಅವಧಿ 5 ವರ್ಷ. ಒಮ್ಮೆ ಹೋದರೆ 180 ದಿನಗಳ ವಾಸ. ಪಾಸ್‌ಪೋರ್ಟಿನೊಡನೆ ಕೆಲಸದ ಕರಾರುಪತ್ರವನ್ನೂ 5 ಲಕ್ಷ ಬಾತ್ ಉಳಿತಾಯದ ಬ್ಯಾಂಕ್ ದಾಖಲೆಯನ್ನೂ ಅದು ಕೇಳಿತು.

ಅಣ್ಣನಲ್ಲಿ ಅಷ್ಟು ಹಣವಿರಲಿಲ್ಲ. 'ಸಾಲ ತಂದು ತೋರಿಸಲೆ?' ಎಂದನು. 'ಬೇಡಣ್ಣ, ಹಿಂದಿರುಗಿದ ಮೇಲೆ ಬಡ್ಡಿ ಕಾದಿರುತ್ತದೆ' ಎಂದೆನು.

ಮಿತ್ರರೆ, ಈ ವೀಸಾ ಕೆಲಸವನ್ನು ಕೊಡುವುದಿಲ್ಲ. ಇರುವ ಕೆಲಸವನ್ನು ಜೊತೆಗೊಯ್ಯಲು ಅನುಮತಿಯನ್ನಷ್ಟೇ ಕೊಡುತ್ತದೆ. ಆದುದರಿಂದ ಮೊದಲು ಕೆಲಸ, ಬಳಿಕ ಉಳಿತಾಯ, ಕಡೆಗೆ ಅರ್ಜಿ.