ರೈತರಲ್ಲಿ ಗಾಬರಿ ರೋಗ: ಗುರುತಿಸುವಿಕೆ ಮತ್ತು ನಿರ್ವಹಣೆ

ಬಿತ್ತನೆ ಮುಗಿದಿದೆ, ಮಳೆ ಕೈಕೊಟ್ಟಿದೆ, ಸೊಸೈಟಿ ಸಾಲದ ಗಡುವು ಹತ್ತಿರ ಬಂದಿದೆ. ನಡುರಾತ್ರಿ ಮನೆಯ ಯಜಮಾನರು ದಿಢೀರನೆ ಎದ್ದು ಕೂರುತ್ತಾರೆ. ಎದೆ ಡವಗುಟ್ಟುತ್ತದೆ, ಉಸಿರು ಕಟ್ಟಿದಂತಾಗುತ್ತದೆ, ಮೈ ಬೆವರುತ್ತದೆ, ಬೆರಳುಗಳು ಜುಮ್ಮೆನ್ನುತ್ತವೆ. ಪ್ರಾಣವೇ ಹೋಗುತ್ತಿದೆಯೆಂಬ ಭಯ. ಆಸ್ಪತ್ರೆ ಸೇರುವಷ್ಟರಲ್ಲಿ ಎಲ್ಲವೂ ಇಳಿದಿರುತ್ತದೆ. ಊರಿನವರು ಗಾಳಿ ಸೋಕಿದೆ ಎನ್ನುತ್ತಾರೆ. ಇದು ಗಾಳಿಯೂ ಅಲ್ಲ, ಹೇಡಿತನವೂ ಅಲ್ಲ. ಇದು ಚಿಕಿತ್ಸೆಯಿಂದ ಹತೋಟಿಗೆ ಬರುವ ಕಾಯಿಲೆ.

ಕಾರಣ: ಅಪಾಯ ಬಂದಾಗ ದೇಹವನ್ನು ಎಚ್ಚರಿಸುವ ವ್ಯವಸ್ಥೆಯು ಅಪಾಯವಿಲ್ಲದೆಯೂ ಕೆಲಸ ಮಾಡುವುದೇ ಗಾಬರಿ. ಆಗ ಅಡ್ರಿನಲಿನ್ ರಸ ಹೆಚ್ಚುತ್ತದೆ. ವೇಗವಾಗಿ ಉಸಿರಾಡುವುದರಿಂದ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ತಲೆಸುತ್ತು, ಜುಮ್ಮೆನ್ನುವಿಕೆ ಉಂಟಾಗುತ್ತವೆ. ಸಾಮಾನ್ಯವಾಗಿ ಸುಮಾರು 10 ನಿಮಿಷದಲ್ಲಿ ಇದು ತುದಿ ಮುಟ್ಟಿ, ನಂತರ ಇಳಿಯುತ್ತದೆ.

ಮೊದಲು ಖಚಿತಪಡಿಸಿಕೊಳ್ಳಬೇಕಾದವು:

1. ಮೊದಲ ಬಾರಿ ಹೀಗಾದಾಗ, ಅಥವಾ ಎದೆನೋವು ತೋಳು, ದವಡೆಗೆ ಹರಡಿದಾಗ ತಡಮಾಡದೆ ಆಸ್ಪತ್ರೆಗೆ ಹೋಗತಕ್ಕದ್ದು. ಹೃದಯಾಘಾತವಲ್ಲವೆಂದು ವೈದ್ಯರೇ ಹೇಳಬೇಕು.

2. ಕೀಟನಾಶಕ ಸಿಂಪಡಿಸಿದ ನಂತರ ಜೊಲ್ಲು, ವಾಂತಿ, ಬೆವರು, ಸ್ನಾಯುಗಳ ಅದುರುವಿಕೆ, ಕಣ್ಣಿನ ಪಾಪೆ ಕಿರಿದಾಗುವುದು ಕಂಡರೆ ವಿಷಬಾಧೆಯೆಂದೇ ತಿಳಿಯಬೇಕು. ಬಟ್ಟೆ ಕಳಚಿ, ಸೋಪಿನಿಂದ ಮೈ ತೊಳೆದು, ಔಷಧಿಯ ಡಬ್ಬಿಯ ಚೀಟಿಯೊಡನೆ ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು.

3. ಥೈರಾಯಿಡ್, ರಕ್ತಹೀನತೆ, ಸಕ್ಕರೆ ಅಂಶಗಳ ಪರೀಕ್ಷೆ ಮಾಡಿಸಬೇಕು.

ಗಾಬರಿ ಬಂದಾಗ: ಟ್ರಾಕ್ಟರ್ ನಡೆಸುತ್ತಿದ್ದರೆ ನಿಲ್ಲಿಸಿ ಕುಳಿತುಕೊಳ್ಳಿರಿ. ಹೊಟ್ಟೆಯ ಮೇಲೆ ಕೈಯಿಟ್ಟು, 4 ಎಣಿಸುವವರೆಗೆ ಮೂಗಿನಿಂದ ಉಸಿರು ಎಳೆದು, 6 ಎಣಿಸುವವರೆಗೆ ನಿಧಾನವಾಗಿ ಬಿಡಿರಿ. ಐದು ನಿಮಿಷ ಹೀಗೆ ಮಾಡಿರಿ. ಹೆದರಿಕೆಯಿಂದ ಸಂತೆ, ಬಸ್ಸು ಬಿಟ್ಟರೆ ರೋಗ ಬಲಿಯುತ್ತದೆ. ಆ ಭಯವನ್ನು ಹಂತಹಂತವಾಗಿ ಕಳೆಯಲು ಮನಶ್ಶಾಸ್ತ್ರಜ್ಞರ ಸಮಾಲೋಚನೆ ಬಹಳ ಉಪಯುಕ್ತ.

ಔಷಧಿಗಳು: ಸರ್ಟ್ರಾಲಿನ್, ಎಸ್ಸಿಟಾಲೋಪ್ರಾಂ ಮುಂತಾದ ಗುಳಿಗೆಗಳನ್ನು ವೈದ್ಯರು ಅಲ್ಪ ಪ್ರಮಾಣದಲ್ಲಿ ಆರಂಭಿಸುತ್ತಾರೆ. ಗೊಬ್ಬರ ಹಾಕಿದ ದಿನವೇ ಪೈರು ಹಸಿರಾಗುವುದಿಲ್ಲ. ಇವುಗಳ ಗುಣವೂ ಕಾಣಲು 2ರಿಂದ 6 ವಾರ ಬೇಕು. ಮೊದಲ ದಿನಗಳಲ್ಲಿ ವಾಕರಿಕೆ, ತಳಮಳ ಆಗಬಹುದು. ವಾಸಿಯಾಯಿತೆಂದು ತಾವಾಗಿಯೇ ನಿಲ್ಲಿಸಬಾರದು. ವೈದ್ಯರು ಹೇಳಿದಂತೆ ನಿಧಾನವಾಗಿ ಇಳಿಸಬೇಕು. ಆಲ್ಪ್ರಜೋಲಾಂ, ಕ್ಲೊನಜೆಪಾಂ ಗುಳಿಗೆಗಳು ಬೇಗ ಸಮಾಧಾನ ಕೊಟ್ಟರೂ ಚಟವಾಗುತ್ತವೆ, ಮಂಪರು ತರುತ್ತವೆ. ಮದ್ಯದೊಡನೆ ಸೇರಿದರೆ ಉಸಿರಿಗೇ ಅಪಾಯ. ಅಂಗಡಿಯವರನ್ನು ಕೇಳಿ ಇವನ್ನು ಕೊಳ್ಳಕೂಡದು. ಆಸ್ತಮಾ ಇದ್ದವರು ಪ್ರೊಪ್ರನೊಲಾಲ್ ಸೇವಿಸಬಾರದು.

ಪೂರಕಗಳು: ಅಶ್ವಗಂಧ ಆತಂಕವನ್ನು ಸ್ವಲ್ಪ ತಗ್ಗಿಸಬಹುದೆಂದು ಕೆಲವು ಸಣ್ಣ ಅಧ್ಯಯನಗಳು ತೋರಿಸಿವೆ. ಆದರೆ ಅದು ಚಿಕಿತ್ಸೆಗೆ ಬದಲಿಯಲ್ಲ. ಗರ್ಭಿಣಿಯರು, ಯಕೃತ್ತು ಮತ್ತು ಥೈರಾಯಿಡ್ ತೊಂದರೆಯಿರುವವರು ಅದನ್ನು ಬಳಸಬಾರದು. ಮೆಗ್ನೀಸಿಯಂ ಗುಳಿಗೆಗೆ ಬಲವಾದ ಆಧಾರವಿಲ್ಲ. ಮಣ್ಣು ಪರೀಕ್ಷಿಸದೆ ಲಘುಪೋಷಕಾಂಶ ಹಾಕುವುದು ಹೇಗೆ ದಂಡವೋ, ಕೊರತೆ ಪರೀಕ್ಷಿಸದೆ ಜೀವಸತ್ವ ನುಂಗುವುದೂ ಹಾಗೆಯೇ.

ದಿನಚರಿ: ಕಾಫಿ, ಚಹಾ ಕಡಿಮೆ ಮಾಡಿ, ಬೀಡಿ, ತಂಬಾಕು ಬಿಡಿ. ಮದ್ಯದ ಅಮಲು ಇಳಿದಂತೆ ಆತಂಕ ಹೆಚ್ಚುತ್ತದೆ. ರಾತ್ರಿ ಪಾಳಿಯ ವಿದ್ಯುತ್ತಿಗಾಗಿ ಪಂಪ್‌ಸೆಟ್ ಕಾಯುವವರು ಮನೆಯವರೊಡನೆ ಸರದಿ ಮಾಡಿಕೊಂಡು ನಿದ್ರೆ ಉಳಿಸಿಕೊಳ್ಳಬೇಕು.

ಕೊನೆಯದಾಗಿ, ಮನೆಯಲ್ಲಿ ಯಾರಾದರೂ ಬದುಕು ಸಾಕೆಂದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅವರನ್ನು ಒಂಟಿಯಾಗಿ ಬಿಡದೆ, ಕೀಟನಾಶಕಗಳನ್ನು ಬೀಗ ಹಾಕಿ ಬೀಗದ ಕೈಯನ್ನು ಬೇರೆಯವರ ವಶಕ್ಕೆ ಕೊಡಿರಿ. ಅಕ್ಟೋಬರ್ 2022ರಲ್ಲಿ ಆರಂಭವಾದ ಟೆಲಿ ಮಾನಸ್ ದೂರವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕನ್ನಡದಲ್ಲೇ ಮಾತನಾಡಬಹುದು. ಬೆಳೆಗೆ ರೋಗ ತಗುಲಿದಾಗ ಎಲೆ ಕಿತ್ತು ತಂದು ತೋರಿಸುತ್ತೀರಿ. ಮನಸ್ಸಿನ ರೋಗವನ್ನೂ ಅಷ್ಟೇ ಸಂಕೋಚವಿಲ್ಲದೆ ವೈದ್ಯರಿಗೆ ತೋರಿಸಿರಿ.