ಹಿತ್ತಲ ಕೋಳಿಗೆ ಮೊಸರು, ಮುಸುರೆ: ಎಷ್ಟು ಹಾಕಬೇಕು?

ಸಂಜೆ ಹಿತ್ತಲ ಬಾಗಿಲು ಕಿರ್ ಎಂದರೆ ಸಾಕು, ಬೇಲಿಯ ಬುಡ ಕೆದಕುತ್ತಿದ್ದ ಹೇಟೆಗಳೆಲ್ಲ ಅರ್ಧ ಓಡಿ ಅರ್ಧ ಹಾರಿ ಬಂದು ಕಾಲಿಗೆ ಸುತ್ತಿಕೊಳ್ಳುತ್ತವೆ. ಬಾಗಿಲು ತೆರೆದವರ ಕೈಯಲ್ಲಿ ಮಧ್ಯಾಹ್ನದ ಅನ್ನ ಉಳಿದ ತಪ್ಪಲೆ ಇರುತ್ತದೆಂದು ಅವಕ್ಕೆ ಗೊತ್ತು. ಈಚೆಗೆ ಆ ತಪ್ಪಲೆಗೆ ಮೊಸರೂ ಸೇರಿಕೊಂಡಿದೆ. “ಮೊಸರು ಹಾಕಿದ್ರೆ ಮೊಟ್ಟೆ ಜಾಸ್ತಿ ಇಡ್ತವಂತೆ, ಚಿಪ್ಪೂ ಗಟ್ಟಿ ಆಗುತ್ತಂತೆ, ಹೌದಾ ಸಾರ್?” ಎಂದು ಕೇಳುವವರು ಹೆಚ್ಚಾಗಿದ್ದಾರೆ.

ಚಿಪ್ಪಿನ ಲೆಕ್ಕವನ್ನೇ ಮೊದಲು ನೋಡಿ. ಒಂದು ಮೊಟ್ಟೆಯ ಚಿಪ್ಪಿನಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. 100 ಗ್ರಾಂ ಮೊಸರಿನಲ್ಲಿ ಇರುವುದು ಹೆಚ್ಚುಕಡಿಮೆ 120 ಮಿಲಿಗ್ರಾಂ. ಒಂದೇ ಒಂದು ಮೊಟ್ಟೆಯ ಚಿಪ್ಪನ್ನು ಮೊಸರಿನಿಂದಲೇ ಕಟ್ಟಬೇಕಾದರೆ ಹೇಟೆ ಒಂದೂವರೆ ಕಿಲೋಗೂ ಹೆಚ್ಚು ಮೊಸರು ತಿನ್ನಬೇಕು. ನಾಟಿ ಹೇಟೆಯ ತೂಕವೇ ಅಷ್ಟಿರುವುದಿಲ್ಲ! ಅಷ್ಟೇ ಕ್ಯಾಲ್ಸಿಯಂ 5–6 ಗ್ರಾಂ ಕಪ್ಪೆಚಿಪ್ಪಿನ ಪುಡಿಯಲ್ಲಿ ಸಿಗುತ್ತದೆ. ಪ್ರೋಟೀನಿನ ಕಥೆಯೂ ಹೀಗೇ. 100 ಗ್ರಾಂ ಮೊಸರಿನಲ್ಲಿ ಸುಮಾರು 3 ಗ್ರಾಂ ಪ್ರೋಟೀನ್. ಅಷ್ಟು ಪ್ರೋಟೀನ್ 7–8 ಗ್ರಾಂ ಕಡಲೆಕಾಯಿ ಹಿಂಡಿಯಲ್ಲೇ ಇದೆ. ಮೊಟ್ಟೆ ಹೆಚ್ಚಾಗಲೆಂದು ಮನೆಯ ಮಕ್ಕಳ ಪಾಲಿನ ಮೊಸರನ್ನು ಕೋಳಿಗೆ ಸುರಿಯುವುದು ದಂಡ.

ಹಾಗೆಂದು ಮೊಸರು ಕೆಟ್ಟದ್ದಲ್ಲ. ಹುಳಿ ಬಂದು ಮನೆಯವರು ಮುಟ್ಟದ ಮೊಸರು, ಬೆಣ್ಣೆ ತೆಗೆದ ಮೇಲೆ ಮಿಕ್ಕ ಮಜ್ಜಿಗೆ ಒಣ ತೌಡನ್ನು ತಿನ್ನಿಸಲು ಒಳ್ಳೆಯ ಉಪಾಯ. ಬರಿ ತೌಡನ್ನು ಕೋಳಿ ಕೆದರಿ ಚೆಲ್ಲುತ್ತದೆ. ಎರಡು ಹಿಡಿ ತೌಡು, ಒಂದು ಹಿಡಿ ಅಕ್ಕಿ ನುಚ್ಚು, ಚಿಟಿಕೆ ಹಿಂಡಿಪುಡಿ ಬೆರೆಸಿ ಮಜ್ಜಿಗೆ ಚಿಮುಕಿಸಿ ಕಲಸಿ. ಅಂಗೈಯಲ್ಲಿ ಅದುಮಿದರೆ ಉಂಡೆಯಾಗಬೇಕು, ಬೆರಳು ತಾಗಿಸಿದರೆ ಉದುರಬೇಕು, ಹದ ಅಷ್ಟೇ. ತೆಳ್ಳಗಾದರೆ ಕೊಕ್ಕಿಗೆ, ಕತ್ತಿನ ಪುಕ್ಕಕ್ಕೆ ಮೆತ್ತಿಕೊಂಡು ನೊಣ ಮುತ್ತುತ್ತದೆ. ಅಡಿಕೆ ಹಾಳೆಯ ಮೇಲೋ ಅಗಲವಾದ ಮಣ್ಣಿನ ತಟ್ಟೆಯಲ್ಲೋ ಹಾಕಿ, ಅರ್ಧ ಗಂಟೆಯ ನಂತರ ಉಳಿದದ್ದನ್ನು ತೆಗೆದುಬಿಡಿ.

ಹೆಚ್ಚಾದರೆ ಏನಾಗುತ್ತದೆ ಎಂಬುದನ್ನು ನಾನೇ ಅನುಭವಿಸಿದ್ದೇನೆ. ಹಬ್ಬದ ಮರುದಿನ ಉಳಿದಿದ್ದ ಒಂದು ಪಾತ್ರೆ ಹುಳಿಮೊಸರನ್ನು ಆರು ಕೋಳಿಗಳ ಮುಂದಿಟ್ಟೆ. ಗಳಿಗೆಯಲ್ಲಿ ಪಾತ್ರೆ ಖಾಲಿ. ಬೆಳಗ್ಗೆ ಗೂಡಿನ ಬಾಗಿಲು ತೆಗೆದರೆ ಹಾಸಿದ್ದ ಭತ್ತದ ಹೊಟ್ಟೆಲ್ಲ ಪಿಚಪಿಚ, ಮೂಗಿಗೆ ಬಡಿಯುವ ವಾಸನೆ. ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆಯನ್ನು ಅರಗಿಸುವ ಕಿಣ್ವ ಕೋಳಿಯ ಕರುಳಿನಲ್ಲಿ ಇಲ್ಲ. ಹೆಪ್ಪು ಹಾಕಿದಾಗ ಬ್ಯಾಕ್ಟೀರಿಯಾಗಳು ಅದರಲ್ಲಿ ಒಂದು ಪಾಲನ್ನು ತಿಂದು ಹುಳಿ ಮಾಡುತ್ತವೆ, ಪೂರ್ತಿ ಅಲ್ಲ. ಹಾಗಾಗಿ ಹಾಲಿಗಿಂತ ಮೊಸರು ವಾಸಿ. ಆದರೂ ಒಂದು ಕೋಳಿಗೆ ಒಂದೆರಡು ಚಮಚ, ಅದೂ ವಾರಕ್ಕೆ ಎರಡು ಸಲ ಸಾಕು. ಹಿಕ್ಕೆ ನೀರಾದರೆ ನಿಲ್ಲಿಸಿ. ಪುಟ್ಟ ಮರಿಗಳಿಗೆ ಬೇಡವೇ ಬೇಡ. ಹಿಕ್ಕೆಯಲ್ಲಿ ರಕ್ತ ಕಂಡರೆ ಮಜ್ಜಿಗೆ ಕುಡಿಸುತ್ತಾ ಕೂರಬೇಡಿ; ಅದು ಕಾಕ್ಸಿಡಿಯೋಸಿಸ್ ಇರಬಹುದು, ಪಶುವೈದ್ಯರಿಂದ ಔಷಧಿ ತರಬೇಕು.

ಇನ್ನು ಮುಸುರೆ. ಬೆಳೆದ ಕೋಳಿ ದಿನಕ್ಕೆ 100ರಿಂದ 120 ಗ್ರಾಂ ಒಣ ಮೇವು ತಿನ್ನುತ್ತದೆ. ಅದರಲ್ಲಿ ಹತ್ತನೇ ಒಂದು ಪಾಲಿಗಿಂತ ಹೆಚ್ಚು ಬಾಯಿಚಪಲದ ತಿನಿಸು ಇರಬಾರದು. ಅನ್ನದಲ್ಲಿ ಮುಕ್ಕಾಲು ಪಾಲು ನೀರೇ ಇರುವುದರಿಂದ ಒಂದು ಕೋಳಿಗೆ ಎರಡು ದೊಡ್ಡ ಚಮಚ ಅನ್ನ ಎಂದಿಟ್ಟುಕೊಳ್ಳಿ. ಮೊಟ್ಟೆ ಇಡುವ ಕೋಳಿಯ ಮೇವಿನಲ್ಲಿ ನೂರಕ್ಕೆ 16ರಿಂದ 18 ಪಾಲು ಪ್ರೋಟೀನ್ ಇರಬೇಕು. ಬೇಯಿಸಿದ ಅನ್ನದಲ್ಲಿ ಮೂರೂ ಇಲ್ಲ. ಹೊಟ್ಟೆತುಂಬ ಅನ್ನ ತಿಂದ ಹೇಟೆ ಹುಳು, ಸೊಪ್ಪು, ಗೆದ್ದಲು ಹುಡುಕುವುದನ್ನೇ ಬಿಟ್ಟು ಬಾಗಿಲಲ್ಲಿ ಕಾದು ಕೂರುತ್ತದೆ. ಕೊಬ್ಬು ಬೆಳೆಯುತ್ತದೆ, ಮೊಟ್ಟೆ ಇಳಿಯುತ್ತದೆ. ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜ, ಸ್ವರ್ಣಧಾರ ತಳಿಗಳನ್ನು ಸಾಕುವವರು ಇದನ್ನು ಇನ್ನೂ ಗಮನಿಸಬೇಕು. ವರ್ಷಕ್ಕೆ 180ರ ಆಸುಪಾಸು ಮೊಟ್ಟೆ ಇಡಬಲ್ಲ ಸ್ವರ್ಣಧಾರವನ್ನು ಅನ್ನ ಹಾಕಿ ಸಾಕಿ, “ನಾಟಿಯಷ್ಟೂ ಇಡಲಿಲ್ಲ” ಎಂದು ತಳಿಯನ್ನು ಬೈದರೆ ಪ್ರಯೋಜನವಿಲ್ಲ.

ಅದಕ್ಕೇ ಬೆಳಗ್ಗೆ ಏನೂ ಹಾಕದೆ ಮೇಯಲು ಬಿಡಿ, ಅಥವಾ ಮೇವು ಮಾತ್ರ ಹಾಕಿ. ತಪ್ಪಲೆ ಸಂಜೆಗೆ ಇರಲಿ. ಕತ್ತಲಾಗುವ ಮುಂಚೆ ಕೋಳಿಗಳನ್ನು ಗೂಡಿಗೆ ಸೇರಿಸಲು, ಎಣಿಸಲು, ಯಾವುದು ಮಂಕಾಗಿದೆ ಎಂದು ನೋಡಲು ಅದಕ್ಕಿಂತ ಸುಲಭದ ದಾರಿ ಇಲ್ಲ. ತಪ್ಪಲೆಯ ಸದ್ದಿಗೂ ಓಡಿ ಬರದ ಕೋಳಿಗೆ ಏನೋ ಆಗಿದೆ ಎಂದೇ ಅರ್ಥ.

ತಪ್ಪಲೆಗೆ ಬೀಳುವುದರಲ್ಲಿ ಆರಿಸುವ ಕೆಲಸವೂ ಇದೆ. ಸೊಪ್ಪಿನ ದಂಟು, ಕುಂಬಳದ ತಿರುಳು, ಸೌತೆ, ಕಲ್ಲಂಗಡಿ ಸಿಪ್ಪೆ, ಪರಂಗಿ ಹಣ್ಣು ಧಾರಾಳವಾಗಿ ಹಾಕಬಹುದು. ನುಗ್ಗೆಸೊಪ್ಪಂತೂ ಇವುಗಳಿಗೆಲ್ಲ ಮೇಲು. ಉಪ್ಪಿನಕಾಯಿ, ಸಂಡಿಗೆ, ಉಪ್ಪುಮೀನು, ಒಗ್ಗರಣೆ ಹಾಕಿದ ಮೊಸರನ್ನ ಬೇಡ. ಕೋಳಿ ಹೆಚ್ಚು ಉಪ್ಪು ತಾಳುವುದಿಲ್ಲ. ಹಸಿರು ತಿರುಗಿದ ಆಲೂಗಡ್ಡೆ ಸಿಪ್ಪೆ, ಬೇಯಿಸದ ಹುರುಳಿಕಾಯಿ ಬೀಜ, ಚಹಾ–ಕಾಫಿ ಚರಟ ಕೂಡ ಬೇಡ. ಕೊಡಗಿನ ಕಡೆಯವರು ಬೆಣ್ಣೆಹಣ್ಣಿನ ಸಿಪ್ಪೆ, ಬೀಜವನ್ನು ಹಿತ್ತಲಿಗೆ ಎಸೆಯದಿರಿ, ಅದರಲ್ಲಿ ಹಕ್ಕಿಗಳ ಹೃದಯಕ್ಕೆ ವಿಷವಾಗುವ ಅಂಶವಿದೆ. ಬೂಷ್ಟು ಹಿಡಿದ ಬ್ರೆಡ್ಡು, ಜೋಳ, ಕಡಲೆಕಾಯಿ ಯಾವುದೇ ಇರಲಿ, ಬೂಷ್ಟು ಕೆರೆದು ಹಾಕಿದರೂ ತಪ್ಪೇ. ಮನುಷ್ಯರು ತಿನ್ನಲು ಹೆದರುವುದನ್ನು ಕೋಳಿಗೆ ಹಾಕಿದರೆ ಆ ವಿಷದ ಅಂಶ ಮೊಟ್ಟೆಯಲ್ಲಿ ನಮ್ಮ ತಟ್ಟೆಗೇ ಬರಬಹುದು. ತಿಂದ ಮೊಟ್ಟೆಯ ಚಿಪ್ಪನ್ನು ಮಾತ್ರ ಬಿಸಾಡಬೇಡಿ. ತೊಳೆದು, ಬಾಣಲೆಯಲ್ಲಿ ಹುರಿದು, ಒರಳಿನಲ್ಲಿ ತರಿತರಿಯಾಗಿ ಕುಟ್ಟಿ ಬೇರೆ ತಟ್ಟೆಯಲ್ಲಿಡಿ. ಮೊಟ್ಟೆ ಇಡುವ ಹೇಟೆ ತನಗೆ ಬೇಕಾದಷ್ಟನ್ನು ತಾನೇ ಹೆಕ್ಕಿಕೊಳ್ಳುತ್ತದೆ. ಚಿಪ್ಪಿನ ಆಕಾರ ಕಾಣದಷ್ಟು ಕುಟ್ಟಿರಬೇಕು, ಇಲ್ಲವಾದರೆ ತನ್ನದೇ ಮೊಟ್ಟೆ ಒಡೆದು ತಿನ್ನುವ ಚಟ ಹತ್ತುತ್ತದೆ.

ಎಲ್ಲಕ್ಕಿಂತ ಅಪಾಯದ್ದು ಭಾನುವಾರದ ಮುಸುರೆ. ಅಂಗಡಿಯಿಂದ ತಂದ ಕೋಳಿಯನ್ನು ತೊಳೆದ ನೀರು, ಕರುಳು, ಚರ್ಮದ ಚೂರುಗಳನ್ನು ನಮ್ಮ ಕೋಳಿಗಳು ಮೇಯುವ ಜಾಗಕ್ಕೆ ಚೆಲ್ಲುವುದು ಊರೂರಲ್ಲಿ ರೂಢಿ. ಕೊಕ್ಕರೆ ರೋಗದ ವೈರಾಣು ಹಿತ್ತಲಿಗೆ ಕಾಲಿಡುವ ದಾರಿಗಳಲ್ಲಿ ಇದೂ ಒಂದು. ಇಂಗ್ಲೆಂಡಿನಲ್ಲಂತೂ ಮಾಂಸ, ಹಾಲು, ಮೊಟ್ಟೆ ಬಳಸುವ ಅಡುಗೆಮನೆಯ ಉಳಿಕೆಯನ್ನು ಹಿತ್ತಲ ಕೋಳಿಗೆ ಹಾಕುವುದೇ ಕಾನೂನಿಗೆ ವಿರುದ್ಧ. ಅಷ್ಟು ಬಿಗಿ ನಮಗೆ ಆಗದ ಮಾತು. ಆದರೆ ಕೋಳಿ ತೊಳೆದ ನೀರಿಗೆ ಒಂದು ಗುಂಡಿ ತೋಡುವುದು ಯಾರಿಗೂ ಕಷ್ಟವಲ್ಲ.

ಕೊಕ್ಕರೆ ರೋಗಕ್ಕೆ ಮದ್ದಿಲ್ಲ, ಲಸಿಕೆ ಇದೆ. ಮರಿಗೆ ಒಂದು ವಾರವಾಗುವಷ್ಟರಲ್ಲಿ ಕಣ್ಣಿಗೋ ಮೂಗಿಗೋ ಹನಿ, ಎಂಟು ವಾರದ ಹೊತ್ತಿಗೆ ಚುಚ್ಚುಮದ್ದು. ನಡುವೆ ಕುಡಿಯುವ ನೀರಿನಲ್ಲಿ ಲಸಿಕೆ ಕೊಡುವಾಗ ಲೀಟರಿಗೆ ಸುಮಾರು 5 ಗ್ರಾಂ ಕೆನೆ ತೆಗೆದ ಹಾಲಿನ ಪುಡಿ ಕದಡುತ್ತಾರೆ. ನಲ್ಲಿ ನೀರಿನ ಕ್ಲೋರಿನ್‌ನಿಂದ ಲಸಿಕೆ ಸಾಯದಂತೆ ಅದು ಕಾಯುತ್ತದೆ. ಹಾಲು, ಮೊಸರುಗಳಲ್ಲಿ ಕೋಳಿಯ ಪ್ರಾಣ ಉಳಿಸುವುದು ಏನಾದರೂ ಇದ್ದರೆ ಆ ಒಂದು ಚಮಚ ಪುಡಿಯೇ. ಲಸಿಕೆಯ ಸೀಸೆಯಲ್ಲಿ ನೂರಾರು ಕೋಳಿಗಾಗುವಷ್ಟು ಮದ್ದಿರುತ್ತದೆ, ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಆರು ಕೋಳಿಗಾಗಿ ಯಾರೂ ಸೀಸೆ ಒಡೆಯುವುದಿಲ್ಲ. ಬೀದಿಯ ಹತ್ತು ಮನೆಯವರು ಮಾತಾಡಿಕೊಂಡು ಒಂದು ದಿನ ಗೊತ್ತುಮಾಡಿ, ಹತ್ತಿರದ ಪಶು ಆಸ್ಪತ್ರೆಗೆ ಮೊದಲೇ ತಿಳಿಸಿಬಿಡಿ. ಆ ದಿನ ಬೆಳಕು ಹರಿಯುವ ಮೊದಲೇ, ಕೋಳಿಗಳು ಗೂಡಿನಲ್ಲಿರುವಾಗಲೇ ಕೆಲಸ ಶುರುಮಾಡಿ.